ತಪಾಸಣೆಗೆ ಬಿಚ್ಚಿಟ್ಟ ರಾಡು

ನನಗೆ ಕಾರು ಓಡಿಸಲು ಬರುವುದಿಲ್ಲ. ಕಲಿಯುವ ಆಸೆಯೂ ಈಗ ಉಳಿದಿಲ್ಲ. ಆದರೂ ಯಾವ ಗಾಡಿಯಲ್ಲಿ ಕುಳಿತರೂ, ಮುಂದೆ ಏನಾದರೂ ಅಡ್ಡ ಬಂದರೆ ಸಾಕು, ನನ್ನ ಬಲಗಾಲು ತಾನಾಗಿಯೇ ಕೆಳಗಿನ ತಗಡನ್ನು ಒತ್ತಿ ಹಿಡಿಯುತ್ತದೆ. ಮೊನ್ನೆ ಕಾಲೇಜಿನಿಂದ ಕೌಲ್ ಬಜಾರಿಗೆ ಬರುವಾಗ ಆಟೋದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕ.

"ಅಲ್ಲಿ ಬ್ರೇಕ್ ಇಲ್ರೀ ಮೇಡಂ. ಬ್ರೇಕ್ ನನ್ ಕಡಿ ಐತಿ. ನೀವು ಆರಾಮ ಕುಂದರ್ರಿ."

ನಾನೂ ನಗಲು ನೋಡಿದೆ. ನಾನು ಒತ್ತುತ್ತಿದ್ದುದು ಅವನ ಬ್ರೇಕನ್ನಲ್ಲ. ಸಿರುಗುಪ್ಪದ ದಾರಿಯಲ್ಲಿ, ಕಾಲುವೆ ಸೇತುವೆಯ ಇಳಿಜಾರಿನಲ್ಲಿ, ನನ್ನ ಸೋದರಮಾವನ ಕಾರಿನ ಬ್ರೇಕನ್ನು. ಅದನ್ನು ನಾನು ಇನ್ನೂ ಒತ್ತುತ್ತಲೇ ಇದ್ದೇನೆ.

ಮಾವನ ಊರು ಕುರುಗೋಡು. ಅವನದು ಮೆಣಸಿನಕಾಯಿ ದಲಾಲಿ. ಊರೂರು ತಿರುಗಿ, ರೈತರ ಹೊಲಕ್ಕೇ ಹೋಗಿ, ಒಂದು ಕಾಯಿ ಮುರಿದು ಮೂಸಿ, ಬಣ್ಣ ನೋಡಿ, ಬಳ್ಳಾರಿಯ ಅಂಗಡಿಗಳಿಗೆ ಕೊಡಿಸುವ ಕೆಲಸ. ಅದಕ್ಕೆಂದೇ ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಹಳೆಯ ಬಿಳಿ ಅಂಬಾಸಿಡರ್ ಕೊಂಡಿದ್ದ. ಆ ಕಾರಿನಲ್ಲಿ ಕುಳಿತರೆ ಸೀನು ಬರುತ್ತಿತ್ತು. ಸೀಟಿನ ಹೊಲಿಗೆಯ ಸಂದಿಯಲ್ಲೆಲ್ಲ ಮೆಣಸಿನಕಾಯಿಯ ಘಾಟು ಸೇರಿಕೊಂಡಿತ್ತು. ಹೆರಿಗೆ ನೋವು ಬಂದವರು, ಹಾವು ಕಡಿದವರು, ಮದುವೆಯ ಹೆಣ್ಣುಗಳು ಎಲ್ಲರೂ ಸೀನುತ್ತಲೇ ಅದರಲ್ಲಿ ಬಳ್ಳಾರಿಗೆ ಹೋಗಿದ್ದಾರೆ.

ಕೆಲವು ವರ್ಷಗಳ ಹಿಂದೆ ಗೋದಾಮಿನಲ್ಲಿ ಒಟ್ಟಿದ್ದ ಚೀಲಗಳು ಜರಿದು ಮಾವನ ಬಲಗಾಲಿನ ಮೇಲೆ ಬಿದ್ದವು. ಮೂಳೆ ಕೂಡಿತು, ನರ ಕೂಡಲಿಲ್ಲ. ಮೊಣಕಾಲಿನಿಂದ ಕೆಳಗೆ ಪಾದ ಜೋತುಬಿದ್ದಂತಾಯಿತು. ಕೋಲು ಹಿಡಿದು ಬಚ್ಚಲಿಗೆ ಹೋಗಬಲ್ಲ, ಮನೆ ಮುಂದಿನ ಕಟ್ಟೆಗೆ ಬರಬಲ್ಲ, ಅಷ್ಟೆ. ಬಸ್ಸಿನ ಮೆಟ್ಟಿಲು ಹತ್ತಲು ಹೋಗಿ ಒಂದು ಸಲ ಬಿದ್ದ. ಹಿಂದಿನಿಂದ ಯಾರೋ ಚೀಲ ಎತ್ತಿದಂತೆ ಎತ್ತಿ ಒಳಗೆ ಹಾಕಿದರಂತೆ. ಆಮೇಲೆ ಬಸ್ಸಿನ ಮಾತೇ ಎತ್ತಲಿಲ್ಲ.

ಆ ವರ್ಷ ಅವನು ಕಟ್ಟೆಯ ಮೇಲೆ ಕುಳಿತಿದ್ದನ್ನು ನಾನು ನೋಡಿದ್ದೇನೆ. ಅಷ್ಟು ಮಾತಿನ ಮನುಷ್ಯ ಹೋಗುವ ಬರುವವರನ್ನು ಮಾತಾಡಿಸುವುದನ್ನೇ ಬಿಟ್ಟಿದ್ದ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ಎಸೆದ. ಮರುದಿನ ಕಡಿಮೆಯಾಯಿತೆಂದು ಎಸೆದ. ಅತ್ತೆ ಎರಡೂ ದಿನ ತಟ್ಟೆ ಎತ್ತಿ ತೊಳೆದಳು. ಮೂರನೆಯ ದಿನ ಹೇಳಿದಳು: "ಕಾಲು ಹೋತು ಅಂತ ಹೊಟ್ಟಿ ಮ್ಯಾಲೆ ಸಿಟ್ಟು ಮಾಡ್ತೀರಿ. ನಿಮ್ಮನ್ನ ಮನ್ಯಾಗ ಇಟ್ಕೊಂಡ್ರ ಒಂದು ದಿನ ನನ್ನೂ ಎತ್ತಿ ಒಗೀತೀರಿ. ಏಳ್ರಿ, ಬಳ್ಳಾರಿಗೆ ಹೋಗಾಣ."

ಕೌಲ್ ಬಜಾರಿನ ಒಬ್ಬ ವೆಲ್ಡಿಂಗ್ ಸಾಹೇಬರು ಕಾಲಿಲ್ಲದವರಿಗೆ ಕಾರು ಸರಿಮಾಡಿಕೊಡುತ್ತಾರೆಂದು ಅವಳು ಎಲ್ಲಿಯೋ ಕೇಳಿ ಬಂದಿದ್ದಳು. ಅವರು ಮಾಡಿಕೊಟ್ಟದ್ದು ಒಂದು ಕಬ್ಬಿಣದ ರಾಡು. ಅದರ ಕೆಳತುದಿ ಬ್ರೇಕ್ ಪೆಡಲಿಗೆ ಬೋಲ್ಟಿನಿಂದ ಕೂಡಿತ್ತು. ಮೇಲ್ತುದಿ ಸ್ಟೀರಿಂಗಿನ ಪಕ್ಕದಲ್ಲಿ ಮಾವನ ಬಲಗೈಗೆ ಸಿಗುತ್ತಿತ್ತು, ಅಲ್ಲಿ ಬೈಕಿನ ಆಕ್ಸಿಲರೇಟರ್ ಹಿಡಿ. ತಿರುವಿದರೆ ಕಾರು ಓಡುತ್ತದೆ, ಮುಂದಕ್ಕೆ ದೂಡಿದರೆ ನಿಲ್ಲುತ್ತದೆ. ಕ್ಲಚ್ಚಿಗೆ ಎಡಗಾಲು ಇದ್ದೇ ಇತ್ತು. ಕುರುಗೋಡಿಗೆ ತಂದ ದಿನ ಮಾವ ಬಸವೇಶ್ವರ ಗುಡಿಯವರೆಗೆ ಹೋಗಿ ಬರುತ್ತೇನೆಂದು ಹೊರಟವನು ಮಧ್ಯಾಹ್ನವಾದರೂ ಬರಲಿಲ್ಲ. ಅತ್ತೆ ಊರೆಲ್ಲ ಕೇಳಿದಳು. ಸಂಜೆ ಮೋಕದ ಕಡೆಯಿಂದ ಧೂಳು ಮೆತ್ತಿಕೊಂಡು ಬಂದ. ಡಿಕ್ಕಿಯಲ್ಲಿ ಒಂದು ಚೀಲ ಹಸಿಮೆಣಸಿನಕಾಯಿ. ಅಷ್ಟು ಕಾಯಿ ಯಾರು ತಿನ್ನಬೇಕು ಎಂದು ಅತ್ತೆ ಬೈಯುತ್ತಾ ಅಳುತ್ತಿದ್ದಳು.

ಅಂದಿನಿಂದ ಕಾರಿನಲ್ಲಿ ಮಾವನ ಪಕ್ಕದ ಸೀಟು ಅತ್ತೆಯದಾಯಿತು. ಎಡಬದಿಯ ದಾರಿ ನೋಡಿ ಹೇಳುವುದು ಅವಳ ಕೆಲಸ. "ಎಮ್ಮಿ ಐತಿ. ಸಾವಕಾಶ. ಹಾಂ, ಹೋತು, ಹೊಡೀರಿ."

ಸ್ವಂತ ಬಳಕೆಯ ಕಾರಿಗೆ ಮೊದಲ ಹದಿನೈದು ವರ್ಷ ಏನೂ ತಾಪತ್ರಯವಿಲ್ಲ. ಆಮೇಲೆ ಐದೈದು ವರ್ಷಕ್ಕೊಮ್ಮೆ ಅದನ್ನು ತಪಾಸಣೆಗೆ ಒಯ್ದು, ರಸ್ತೆಯ ಮೇಲೆ ಓಡಲು ಇನ್ನೂ ಯೋಗ್ಯವೆಂದು ತೋರಿಸಿ, ನೋಂದಣಿ ಮುಂದುವರಿಸಿಕೊಳ್ಳಬೇಕು. ಲಾರಿ, ಟ್ಯಾಕ್ಸಿಯವರ ಮಾತು ಹಿಡಿದು ಎಲ್ಲರೂ ಇದನ್ನು ಎಫ್‌ಸಿ ಎಂದೇ ಕರೆಯುತ್ತಾರೆ. ಹಿಂದಿನ ಸಲ ಮಾವ ತಾನೇ ಓಡಿಸಿಕೊಂಡು ಹೋಗಿ, ಕಾಲಿನಿಂದ ಬ್ರೇಕ್ ತುಳಿದು ತೋರಿಸಿ ಬಂದಿದ್ದ. ಈ ಸಲ ರಾಡು ಬಂದ ಮೇಲಿನ ಮೊದಲ ತಪಾಸಣೆ.

ಅವಧಿ ಹತ್ತಿರ ಬಂದಂತೆ ಮಾವ ಮತ್ತೆ ತಟ್ಟೆ ದೂಡತೊಡಗಿದ. ಚಹಾದಂಗಡಿಯಲ್ಲಿ, ಮಂಡಿಯಲ್ಲಿ ಕೇಳಿದ್ದಕ್ಕೆಲ್ಲ ಒಂದೇ ಉತ್ತರ ಬಂದಿತ್ತು. ಕಂಪನಿಯವರು ಕೊಟ್ಟದ್ದನ್ನು ಬಿಟ್ಟು ಗಾಡಿಗೆ ಏನೇ ಕೂಡಿಸಿದರೂ ಫೇಲು. ಒಬ್ಬನ ಜೀಪಿನ ಮುಂದಿನ ಕಬ್ಬಿಣದ ಕಟ್ಟು ಬಿಚ್ಚಿಸಿದರಂತೆ, ಇನ್ನೊಬ್ಬನ ಕಣ್ಣು ಕುಕ್ಕುವ ಲೈಟು ತೆಗೆಸಿದರಂತೆ. ಬರೀ ಲೈಟಿಗೇ ಹಾಗಾದರೆ ಬ್ರೇಕಿಗೇ ಕೈ ಹಾಕಿದ ರಾಡಿಗೆ ಏನು ಮಾಡಿಯಾರು? ಫೇಲ್ ಆದರೆ ಕಾರು ಗುಜರಿಗೆ, ಮಾವ ಕಟ್ಟೆಗೆ.

ದಾರಿ ತೋರಿಸಿದವನು ಪಕ್ಕದ ಮನೆಯ ಟ್ರ್ಯಾಕ್ಟರ್ ಡ್ರೈವರ್. ಮಾವನನ್ನು ಅಣ್ಣ ಎನ್ನುತ್ತಿದ್ದ, ಅತ್ತೆಯ ಕೈಯ ಊಟ ಮಾಡಿ ಬೆಳೆದವನು. ನಮ್ಮ ಕಡೆ ತಪಾಸಣೆಗೆ ಗಾಡಿಯನ್ನು ಇದ್ದಂತೆ ಯಾರೂ ಒಯ್ಯುವುದಿಲ್ಲ. ಒಯ್ಯುವ ಮೊದಲು ಒಳ್ಳೆಯ ಟೈರು ಯಾರ ಗಾಡಿಯಲ್ಲಿವೆಯೋ ಅವರಿಂದ ಇಸಿದುಕೊಂಡು ಹಾಕುತ್ತಾರೆ. ಹಾರ್ನು ಒಬ್ಬರದು, ವೈಪರು ಇನ್ನೊಬ್ಬರದು. ಪಾಸಾಗಿ ಬಂದ ಸಂಜೆಯೇ ಅವೆಲ್ಲ ಬಿಚ್ಚಿ ಅವರವರ ಮನೆ ಸೇರುತ್ತವೆ. ಇದರಲ್ಲಿ ಮೋಸವಿದೆಯೆಂದು ಯಾರಿಗೂ ಅನಿಸುವುದಿಲ್ಲ. ನೆರೆಮನೆಗೆ ಹಿಟ್ಟು, ಪಾತ್ರೆ ಕೊಟ್ಟು ತಂದಷ್ಟೇ ಸಹಜ.

"ಟೈರು ಕೂಡಿಸಿದಂಗ ರಾಡು ಬಿಚ್ಚೋದು, ಅಷ್ಟ," ಎಂದ ಡ್ರೈವರ್. "ಗ್ರೌಂಡಿನಾಗ ನಾ ಓಡಿಸ್ತೀನಿ. ಎರಡೂ ಕಾಲು ಗಟ್ಟಿ ಅದಾವ ನನ್ವು. ಪಾಸಾದ ಮ್ಯಾಲೆ ಅಲ್ಲೇ ಗಿಡದ ಕೆಳಗ ಕೂಡಿಸಿಬಿಡ್ತೀನಿ. ಹೆಣ್ಣು ತೋರಿಸೋ ಶಾಸ್ತ್ರ ಇದ್ದಂಗ, ಅಣ್ಣ."

ಅತ್ತೆ ಒಳಗಿನಿಂದಲೇ ಹೇಳಿದಳು: "ಹೌದು ಮತ್ತ. ನನ್ನ ತೋರಿಸುವಾಗ ನಮ್ಮವ್ವ ಪಕ್ಕದ ಮನಿಯಾಕಿ ಸರ ಇಸ್ಕಂಡು ಹಾಕಿದ್ಲು. ಇವ್ರು ನನ್ ಮುಖ ನೋಡ್ಲಿಲ್ಲ, ಸರ ನೋಡಿ ಒಪ್ಪಿದ್ರು."

"ಸರ ವಾಪಸ್ ಹೋತು," ಎಂದ ಮಾವ. "ಬಾಯಿ ನನ್ ಪಾಲಿಗೆ ಉಳೀತು."

ಎಷ್ಟೋ ದಿನದ ಮೇಲೆ ಮಾವ ನಗೆಚಾಟಿಕೆ ಆಡಿದ್ದ. ಎಲ್ಲರೂ ನಕ್ಕೆವು. ಅಲ್ಲಿಗೆ ಅದು ತೀರ್ಮಾನವಾಯಿತು.

ತಪಾಸಣೆಯ ದಿನವೇ ಸಿರುಗುಪ್ಪದಲ್ಲಿ ಅತ್ತೆಯ ತಮ್ಮನ ಮಗಳಿಗೆ ಕುಬುಸ. ಬೆಳಿಗ್ಗೆ ಬಳ್ಳಾರಿಯಲ್ಲಿ ಕೆಲಸ ಮುಗಿಸಿ ಮಧ್ಯಾಹ್ನದ ಹೊತ್ತಿಗೆ ಬಸುರಿಗೆ ಹಸಿರು ಸೀರೆ, ಬಳೆ ಒಯ್ಯುವುದೆಂದು ಅತ್ತೆ ಲೆಕ್ಕ ಹಾಕಿದ್ದಳು. ನಾನು ಬಳ್ಳಾರಿಯಲ್ಲೇ ಇರುವವಳಾದ್ದರಿಂದ ತಪಾಸಣೆಯ ಮೈದಾನಕ್ಕೆ ನೇರವಾಗಿ ಹೋದೆ. ಅವರು ಬಂದಾಗ ಕಾರು ತೊಳೆದು ಹೊಳೆಯುತ್ತಿತ್ತು. ಮುಂದಿನ ಟೈರುಗಳು ಬೇರೆಯವರವು, ಕಪ್ಪಗೆ ಹೊಸದಾಗಿ ಕಾಣುತ್ತಿದ್ದವು. ಡ್ರೈವರ್ ಸ್ಟೀರಿಂಗ್ ಹಿಡಿದಿದ್ದ. ಮಾವ ಹಿಂದಿನ ಸೀಟಿನಲ್ಲಿ, ತನ್ನದೇ ಕಾರಿನಲ್ಲಿ ಬಾಡಿಗೆಗೆ ಬಂದವನಂತೆ ಕುಳಿತಿದ್ದ. ರಾಡನ್ನು ಹಳೆಯ ಪಂಚೆಯಲ್ಲಿ ಸುತ್ತಿ ಅವನ ಕಾಲಬುಡದಲ್ಲಿ ಇಟ್ಟಿದ್ದರು.

ಸಾಲಿನಲ್ಲಿ ಶಾಲೆಯ ವ್ಯಾನುಗಳು, ಗೂಡ್ಸ್ ಆಟೋಗಳು, ಲಾರಿಗಳು. ನಮ್ಮ ಮುಂದೆ ಇನ್ನೂ ಹಳೆಯದೊಂದು ಕಾರು ಬಂದಿತ್ತು, ಸಿನಿಮಾದಲ್ಲಿ ಜಮೀನುದಾರರು ಇಳಿಯುವಂಥದು. ಅದರ ಒಡೆಯ ಮೆತ್ತನೆ ಬಟ್ಟೆಯಿಂದ ಬಾಗಿಲು ಒರೆಸುತ್ತ ನಿಂತಿದ್ದ. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಕಾರಿಗೆ ಬೇರೆಯೇ ನಿಯಮ ಇದೆಯಂತೆ. ಅದನ್ನು ದಿನನಿತ್ಯ ಓಡಿಸುವಂತಿಲ್ಲ, ಮೆರವಣಿಗೆಗೆ, ಪ್ರದರ್ಶನಕ್ಕೆ ಮಾತ್ರ. ಅತ್ತೆ ಅದನ್ನು ಕೇಳಿಸಿಕೊಂಡು ನನ್ನ ಕಿವಿಯಲ್ಲಿ ಹೇಳಿದಳು: "ಹಂಗಂದ್ರ ಅದು ಮುತ್ಯಾ ಆತು. ಮೂಲ್ಯಾಗ ಕುಂದ್ರಿಸಿ ನಮಸ್ಕಾರ ಮಾಡ್ತಾರ. ನಮ್ದು ಇನ್ನಾ ದುಡಿಯೋ ವಯಸ್ಸಿಂದು ಯವ್ವಾ, ಅದಕ್ಕ ಇಷ್ಟು ತಪಾಸಣಿ."

ಇನ್‌ಸ್ಪೆಕ್ಟರ್ ಬಂದರು. ಜನ ಅವರನ್ನು ಬ್ರೇಕ್ ಇನ್‌ಸ್ಪೆಕ್ಟರ್ ಎನ್ನುತ್ತಾರೆ, ಆದರೆ ಅವರು ಬ್ರೇಕೊಂದನ್ನೇ ನೋಡುವುದಿಲ್ಲ. ಹೊಗೆ ತಪಾಸಣೆಯ ಚೀಟಿ, ವಿಮೆ ನೋಡಿದರು. ಬಾನೆಟ್ ತೆಗೆಸಿ ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿಸಿದರು. ದೀಪ, ಇಂಡಿಕೇಟರ್, ಹಾರ್ನ್, ವೈಪರ್ ಆಯಿತು. ಟೈರಿನ ಗೀರುಗಳಲ್ಲಿ ಬೆರಳು ಆಡಿಸಿದರು. ಡ್ರೈವರನಿಗೆ ಓಡಿಸಿ ನಿಲ್ಲಿಸಲು ಹೇಳಿದರು. ಅವನು ಧೂಳೆಬ್ಬಿಸಿ ಓಡಿಸಿ, ಗಕ್ಕನೆ ನಿಲ್ಲಿಸಿದ. ಕಾರು ನೇರವಾಗಿ ನಿಂತಿತು. ಬ್ರೇಕಿನಲ್ಲಿ ಯಾವ ದೋಷವೂ ಇರಲಿಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಆ ಬೆಳಿಗ್ಗೆ ಆ ಕಾರಿನ ಬ್ರೇಕು ಚೆನ್ನಾಗಿತ್ತು.

ಬೇವಿನ ಮರದ ಕೆಳಗೆ ಕೋಲೂರಿ ನಿಂತಿದ್ದ ಮಾವ ಅದು ನಿಂತದ್ದನ್ನು ನೋಡಿ ಉಸಿರು ಬಿಟ್ಟ. ಇನ್‌ಸ್ಪೆಕ್ಟರ್ ಅವನ ಕಾಲನ್ನು ಒಂದು ಕ್ಷಣ ನೋಡಿದಂತೆ ನೆನಪು. ಆದರೆ ಏನೂ ಕೇಳಲಿಲ್ಲ. ಕೇಳಲು ಏನಿತ್ತು? ಗಾಡಿ ಓಡಿಸಿದವನ ಕಾಲುಗಳು ಗಟ್ಟಿ ಇದ್ದವು.

"ಆಯ್ತು, ಹೋಗ್ರಿ," ಎಂದರು.

ಹೊರಗೆ ಬಂದು ರಸ್ತೆಯ ಪಕ್ಕದ ಮರದ ಕೆಳಗೆ ಕಾರು ನಿಲ್ಲಿಸಿದರು. ಡ್ರೈವರ್ ಪಂಚೆ ಬಿಚ್ಚಿ ರಾಡು ತೆಗೆದ. ಬೋಲ್ಟು ಸಿಕ್ಕಿತು, ನಟ್ಟು ಸಿಕ್ಕಿತು. ನಟ್ಟು ಸಡಿಲಾಗಿ ಕಳಚದಂತೆ ಬೋಲ್ಟಿನ ತುದಿಯ ತೂತಿಗೆ ಒಂದು ಸಣ್ಣ ಪಿನ್ನು ಹಾಕುತ್ತಾರೆ. ಅದು ಸಿಗಲಿಲ್ಲ. ಪಂಚೆ ಝಾಡಿಸಿದರು, ಸೀಟಿನ ಸಂದಿಯಲ್ಲಿ ಕೈ ಹಾಕಿದರು. ಡ್ರೈವರ್ ಸೀನುತ್ತ ಮೇಲೆದ್ದ.

"ಸಿಗೂದಿಲ್ಲ ಬಿಡಣ್ಣ. ತಂತಿ ಬಿಗೀತೀನಿ. ಮನಿಗೆ ಹೋದ ಮ್ಯಾಲೆ ಹೊಸಾದು ಹಾಕಿದ್ರಾತು."

ಡಿಕ್ಕಿಯಲ್ಲಿ ಚೀಲದ ಬಾಯಿ ಹೊಲಿಯುವ ತಂತಿ ಯಾವಾಗಲೂ ಇರುತ್ತಿತ್ತು. ನಮ್ಮ ಕಡೆ ತಂತಿಯಿಂದ ಆಗದ ಕೆಲಸವಿಲ್ಲ. ನೇಗಿಲಿಗೆ ತಂತಿ, ನಲ್ಲಿಗೆ ತಂತಿ, ಶಾಲೆಯ ಗೇಟಿಗೆ ತಂತಿ. ಅವನು ತೂತಿಗೆ ತಂತಿ ತೂರಿಸಿ, ಇಕ್ಕಳದಿಂದ ಹುರಿಗೊಳಿಸಿ, ಎಳೆದು ನೋಡಿದ. ಮಾವ ತನ್ನ ಸೀಟಿನಲ್ಲಿ ಕುಳಿತು ರಾಡು ದೂಡಿದ. ಪೆಡಲು ಇಳಿಯಿತು. ಕಾರನ್ನು ಸ್ವಲ್ಪ ಓಡಿಸಿ ಮತ್ತೆ ದೂಡಿದ. ನಿಂತಿತು. ಗಟ್ಟಿಯಾಗಿ ನಿಂತಿತು.

"ಸಿರುಗುಪ್ಪಕ್ಕ ನಾ ಹೊಡ್ಕೊಂಡು ಬರ್ಲೇನು ಅಣ್ಣ?"

"ಯಾಕ್ಲೇ, ನನ್ ಕೈ ಹೋಗ್ಯಾವೇನು? ಬೆಳಗ್ಗಿನಿಂದ ನನ್ ಗಾಡ್ಯಾಗ ನಾ ಗಂಟು ಮೂಟಿ ಕುಂತಂಗ ಕುಂತೀನಿ. ನೀ ನಿನ್ನ ಟ್ರ್ಯಾಕ್ಟರ್ ಸಾಮಾನು ತಗಂಡು ಊರಿಗೆ ನಡಿ."

ಡ್ರೈವರ್ ನಗುತ್ತ ಇಳಿದ. ಅತ್ತೆ ಮುಂದೆ ಕುಳಿತಳು. ನಾನು ಮಾವನ ಹಿಂದೆ. ಕುಬುಸಕ್ಕೆ ನೀನೂ ಬಾ ಎಂದು ಅತ್ತೆ ಕಾಲೇಜಿಗೆ ರಜೆ ಹಾಕಿಸಿದ್ದಳು.

ದಾರಿಯಲ್ಲಿ ಮಾವ ಬಹಳ ಮಾತಾಡಿದ. ಇನ್ನು ಐದು ವರ್ಷ ಯಾರೂ ಕೇಳುವವರಿಲ್ಲ ಎಂದ. ಐದು ವರ್ಷದಲ್ಲಿ ಏನೇನು ಮಾಡಬೇಕೆಂದು ಹೇಳಿದ. ತೆಕ್ಕಲಕೋಟೆ ದಾಟಿದ ಮೇಲೆ ಎರಡೂ ಕಡೆ ಭತ್ತ ಬಲಿತು ಬಾಗಿತ್ತು, ಕೆಲವು ಕಡೆ ಕೊಯ್ಲು ನಡೆದಿತ್ತು. ರಸ್ತೆ ಅಲ್ಲಲ್ಲಿ ಕಿತ್ತಿತ್ತು. ಪ್ರತಿ ಗುಂಡಿಗೂ ಕಾರು ಎತ್ತಿ ಹಾಕಿದಾಗ ಅತ್ತೆ ಬಳೆಯ ಪೊಟ್ಟಣವನ್ನು ಮಡಿಲಿಗೆ ಒತ್ತಿಕೊಳ್ಳುತ್ತಿದ್ದಳು. ಆ ಗುಂಡಿಗಳನ್ನೇ ನಾನು ಈಗ ಒಂದೊಂದಾಗಿ ನೆನೆಯುತ್ತೇನೆ. ಯಾವುದರಲ್ಲಿ ತಂತಿ ತುಂಡಾಯಿತು, ಯಾವುದರಲ್ಲಿ ನಟ್ಟು ತಿರುಗತೊಡಗಿತು? ಹಾಗೆ ನೆನೆಯುವುದರಿಂದ ಪ್ರಯೋಜನವಿಲ್ಲವೆಂದು ಗೊತ್ತು.

ಕಾಲುವೆಯ ಸೇತುವೆಗೆ ರಸ್ತೆ ಏರಿ, ದಾಟಿದ ಮೇಲೆ ಇಳಿಯುತ್ತದೆ. ಏರಿದಾಗ ಏನೂ ಕಾಣುವುದಿಲ್ಲ. ತುದಿಗೆ ಬಂದಾಗ ಕೆಳಗೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರು ಹೊಲದಿಂದ ರಸ್ತೆಗೆ ಹತ್ತುತ್ತಿತ್ತು. ಟ್ರೈಲರು ಇನ್ನೂ ಅಡ್ಡಕ್ಕೆ ಇತ್ತು.

"ಟ್ರ್ಯಾಕ್ಟರ್ ಐತಿ," ಎಂದಳು ಅತ್ತೆ. "ಸಾವಕಾಶ."

ಮಾವ ರಾಡು ದೂಡಿದ. ಕೈ ಮುಂದಕ್ಕೆ ಹೋಯಿತು. ಅದಕ್ಕೆ ಯಾವ ತಡೆಯೂ ಸಿಗಲಿಲ್ಲ. ರಾಡು ಡ್ಯಾಶ್‌ಬೋರ್ಡಿಗೆ ಬಡಿದ ಸದ್ದು ಕೇಳಿಸಿತು. ಅವನು ಎಳೆದು ಮತ್ತೆ ದೂಡಿದ. ಆ ಗಡಿಬಿಡಿಯಲ್ಲಿ ಹಿಡಿ ತಿರುವಿರಬೇಕು, ಎಂಜಿನ್ ಒಮ್ಮೆ ಕೂಗಿತು.

"ಸಾವಕಾಶ ಅಂದ್ನಿ!"

ಆಮೇಲೆ ಮಾವ ಮಾಡಿದ್ದನ್ನು ಬರೆಯಲು ನನಗೆ ಇಷ್ಟು ದಿನ ಬೇಕಾಯಿತು. ಅವನು ರಾಡು ಬಿಟ್ಟ. ಬಗ್ಗಿ, ಎರಡೂ ಕೈಗಳಿಂದ ತನ್ನ ಬಲತೊಡೆಯನ್ನು ಹಿಡಿದು, ಕಾಲನ್ನು ಎತ್ತಿ ಬ್ರೇಕಿನ ಮೇಲೆ ಇಟ್ಟ. ಹಿಂದಿನಿಂದ ನನಗೆ ಅವನ ಬಾಗಿದ ಬೆನ್ನು ಕಾಣುತ್ತಿತ್ತು, ಯಾರೂ ಹಿಡಿಯದ ಸ್ಟೀರಿಂಗ್ ಕಾಣುತ್ತಿತ್ತು. ಪಾದ ಬ್ರೇಕಿನ ಮೇಲೆ ಕುಳಿತಿತ್ತು. ಒತ್ತುವ ಬಲ ಅದರಲ್ಲಿ ಇರಲಿಲ್ಲ. ಅವನು ಮೊಣಕಾಲಿನ ಮೇಲೆ ಮುಷ್ಟಿಯಿಂದ ಗುದ್ದಿದ. ಗುದ್ದಿದಾಗಲೆಲ್ಲ ಕಾರು ಸ್ವಲ್ಪ ತಡೆದಂತಾಗಿ ಮತ್ತೆ ಜಾರುತ್ತಿತ್ತು. ಟ್ರೈಲರಿನಲ್ಲಿ ಚೀಲದ ಮೇಲೆ ಕುಳಿತಿದ್ದ ಹೆಂಗಸರು ಎದ್ದು ನಿಂತು ತೆಲುಗಿನಲ್ಲಿ ಕೂಗಿದರು: "ಆಪು! ಆಪು!" ನಿಲ್ಲಿಸು, ನಿಲ್ಲಿಸು. ಅತ್ತೆ ಕೈ ಚಾಚಿ ಸ್ಟೀರಿಂಗ್ ಹಿಡಿದು ತನ್ನ ಕಡೆಗೆ ಎಳೆದಳು.

ತನ್ನ ಕಡೆಗೆ. ಟ್ರೈಲರಿನ ಮೇಲೆ ಜನ ಇದ್ದರು. ಬಲಕ್ಕೆ ದೂಡಿದ್ದರೆ ನೇರವಾಗಿ ಅವರ ಮೇಲೆ ಹೋಗುತ್ತಿದ್ದೆವು. ಇದನ್ನೆಲ್ಲ ಅವಳು ಯೋಚಿಸಿರಲಾರಳು. ಯೋಚಿಸುವಷ್ಟು ಹೊತ್ತು ಇರಲಿಲ್ಲ. ಕೈ ಯಾವ ಕಡೆ ಎಳೆಯಬಲ್ಲದೋ ಆ ಕಡೆ ಎಳೆಯಿತು. ಕಾರು ಎಡಕ್ಕೆ ಹೊರಳಿ, ರಸ್ತೆ ಬಿಟ್ಟು, ಹೊಲದ ಕಾಲುವೆಯ ಕಲ್ಲಿನ ಕಂಬಕ್ಕೆ ಅವಳು ಕುಳಿತಿದ್ದ ಮೂಲೆಯನ್ನೇ ಕೊಟ್ಟು ನಿಂತಿತು.

ಮೆಣಸಿನಕಾಯಿಯ ಘಾಟು ಗಾಳಿಗೆ ಎದ್ದಿತ್ತು. ಮಾವನಿಗೆ ಹಣೆ ಒಡೆದಿತ್ತು. ನನ್ನ ಭುಜದ ಮೂಳೆ ಮುರಿದಿತ್ತು, ಅದು ನನಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು. ಹೆಂಗಸರು ಚೀಲದ ಮೇಲಿಂದ ಹಾರಿ ಬಂದು ಬಾಗಿಲು ಕಿತ್ತರು. ಅತ್ತೆಯನ್ನು ದಾರಿಯಲ್ಲಿ ಬಂದ ಒಂದು ಟೆಂಪೋದಲ್ಲಿ ಮಲಗಿಸಿದಾಗ ಅವಳಿಗೆ ಎಚ್ಚರವಿತ್ತು. "ಅವ್ರನ್ನ ಬಿಟ್ಟು ಬರಬ್ಯಾಡ್ರಿ," ಎಂದಳು. "ನಡಿಯಾಕ ಬರೂದಿಲ್ಲ ಅವ್ರಿಗೆ." ಟೆಂಪೋ ಹತ್ತಿಸಲು ಇಬ್ಬರು ಮಾವನನ್ನು ಎತ್ತಿದರು.

ಸಿರುಗುಪ್ಪ ತಲುಪುವ ಮೊದಲೇ ಅತ್ತೆ ಹೋದಳು. ಅವಳ ತವರಿನವರು ಕುಬುಸದ ಪಂಕ್ತಿ ಬಿಟ್ಟು, ಎಂಜಲು ಕೈ ತೊಳೆಯದೆ ಆಸ್ಪತ್ರೆಗೆ ಬಂದಿದ್ದರು. ಬಸುರಿಗೆ ಹೇಳಬೇಡಿ ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು.

ಕಾರನ್ನು ಠಾಣೆಯ ಅಂಗಳಕ್ಕೆ ಎಳೆದು ತಂದಿದ್ದರು. ಅಪಘಾತವಾದ ಗಾಡಿಯನ್ನು ಮತ್ತೊಮ್ಮೆ ತಪಾಸಣೆ ಮಾಡಬೇಕೆಂಬುದೂ ಒಂದು ನಿಯಮ. ಅದಕ್ಕಾಗಿ ಬೇರೊಬ್ಬ ಇನ್‌ಸ್ಪೆಕ್ಟರ್ ಬಂದ ದಿನ ಮಾವನನ್ನು ಕರೆಸಿದರು. ಕೈ ಜೋಳಿಗೆಯಲ್ಲಿದ್ದ ನಾನೂ ಹೋದೆ. ಆ ಇನ್‌ಸ್ಪೆಕ್ಟರ್ ವಯಸ್ಸಾದವರು. ಮಂಡಿಯೂರಿ ಪೆಡಲಿನ ಬುಡದಲ್ಲಿ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ರಾಡನ್ನು ಕೈಗೆ ತೆಗೆದುಕೊಂಡು ತೂಗಿದರು.

"ಇದನ್ನ ಯಾರು ಮಾಡಿದ್ದು?"

ಮಾವ ಹೇಳಿದ.

"ಚಲೋ ಮಾಡ್ಯಾನ. ತಪಾಸಣಿ ದಿನ ಇದು ಗಾಡ್ಯಾಗ ಇತ್ತೇನು?"

"ಇಲ್ರಿ. ಬಿಚ್ಚಿದ್ವಿ."

"ಯಾಕ?"

ಫೇಲ್ ಮಾಡುತ್ತಾರೆಂದು, ಎಂದು ನಾನು ಹೇಳಿದೆ.

ಅವರು ಎದ್ದು ನಿಂತು ಮೊಣಕಾಲಿನ ಧೂಳು ಒರೆಸಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ಕಾಲಿಲ್ಲದವರು ಗಾಡಿ ಬದಲಿ ಮಾಡಿಸ್ಕೋಬಹುದಮ್ಮ. ಅದಕ್ಕ ಅವಕಾಶ ಐತಿ. ಅರ್ಜಿ ಕೊಟ್ಟು, ಕೂಡಿಸಿದ್ದನ್ನ ತೋರಿಸಿ, ಆರ್‌ಸಿಯಾಗ ಬರೆಸಬೇಕು. ಲೈಸೆನ್ಸೂ ಹಂಗ ಮಾಡಿಸಬೇಕು. ಒಂದಿಷ್ಟು ಓಡಾಟ ಆಗ್ತಿತ್ತು, ಅಷ್ಟ. ಇದನ್ನ ಇದ್ದಂಗ ತಂದಿದ್ರ ಬೋಲ್ಟು ನೋಡ್ತಿದ್ವಿ, ಪಿನ್ನು ನೋಡ್ತಿದ್ವಿ. ನೀವು ನೋಡಬೇಕಾದ್ದನ್ನ ಬಿಚ್ಚಿಟ್ಟು ಉಳಿದದ್ದು ತೋರಿಸಿದ್ರಿ."

ನಮ್ಮಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಚಹಾದಂಗಡಿಯಲ್ಲಿ, ಮಂಡಿಯಲ್ಲಿ ಅಷ್ಟು ಜನರನ್ನು ಕೇಳಿದ್ದ ಮಾವನಿಗೆ, ಕೇಳಬೇಕಾದ ಜಾಗವೊಂದನ್ನು ಬಿಟ್ಟು ಎಲ್ಲ ಕಡೆ ಕೇಳಿದ್ದೇನೆಂದು ಅಂದು ತಿಳಿಯಿತು. ಅವನು ಕಾರಿನ ಬಾಗಿಲಿಗೆ ಒರಗಿ ನಿಂತಿದ್ದ. ಅತ್ತೆಯ ಕಡೆಯ ಬಾಗಿಲು ಇರಲಿಲ್ಲ. ಹೊರಡುವಾಗ ಇನ್‌ಸ್ಪೆಕ್ಟರ್ ಕೈಯಿಂದ ರಾಡು ತೆಗೆದುಕೊಳ್ಳಲು ಕೈ ಚಾಚಿದ. ಸಾಕ್ಷಿಗೆ ಇರಲಿ ಎಂದು ಅವರು ಕೊಡಲಿಲ್ಲ.

ಪಕ್ಕದ ಮನೆಯ ಡ್ರೈವರ್ ಅತ್ತೆಯ ಮಣ್ಣಿಗೆ ಬಂದವನು ಆಮೇಲೆ ನಮ್ಮ ಓಣಿಯಲ್ಲಿ ಕಾಣಲಿಲ್ಲ. ಟ್ರ್ಯಾಕ್ಟರನ್ನು ಹಿಂದಿನ ಬೀದಿಯಿಂದ ಒಯ್ಯುತ್ತಿದ್ದ. ಅವನ ತಾಯಿ ಒಂದು ದಿನ ರೊಟ್ಟಿ ತಂದು ಹೊಸ್ತಿಲಲ್ಲಿಟ್ಟು ನಿಂತಳು. "ಒಳಗ ಬಾ," ಎಂದ ಮಾವ. "ಅವನ್ನೂ ಕಳಿಸು. ನಾನಾದ್ರೂ ತಂತಿನ ಬಿಗೀತಿದ್ನಿ." ಅವನು ಬಂದ. ಬಾಗಿಲಿನ ಹತ್ತಿರ ಕುಳಿತು, ಅತ್ತೆ ಅವನಿಗೆ ಯಾವಾಗಲೂ ಬಡಿಸುತ್ತಿದ್ದ ಜಾಗವನ್ನು ನೋಡುತ್ತ ಅತ್ತ. ಮಾವ ಅಳಲಿಲ್ಲ.

ಈಗ ನಾನು ರಜೆಯಿದ್ದಾಗ ಬಸ್ಸಿನಲ್ಲಿ ಕುರುಗೋಡಿಗೆ ಹೋಗುತ್ತೇನೆ. ಮಾವ ಕಟ್ಟೆಯ ಮೇಲೆ ಇರುತ್ತಾನೆ. ಮೊದಲಿನ ಆ ವರ್ಷ ಅವನು ಸಿಟ್ಟಿನಿಂದ ಕುಳಿತಿದ್ದ. ಈಗ ಸುಮ್ಮನೆ ಕುಳಿತಿರುತ್ತಾನೆ. ಊಟಕ್ಕೆ ಏನು ಹಾಕಿದರೂ ಉಣ್ಣುತ್ತಾನೆ. ಉಪ್ಪು ಹಾಕಲು ಮರೆತ ಸಾರನ್ನು ಒಂದು ದಿನ ಪೂರ್ತಿ ಉಂಡದ್ದನ್ನು ನಾನು ನೋಡಿದೆ. ಆಮೇಲೆ ನಾನು ಉಂಡಾಗ ಗೊತ್ತಾಯಿತು. ಒಲೆಯ ಮುಂದೆ ನಿಂತು ಸ್ವಲ್ಪ ಹೊತ್ತು ಅತ್ತುಬಿಟ್ಟೆ.

ಹಿಂದಿನ ತಿಂಗಳು ನಾನಿದ್ದಾಗಲೇ ಮೋಕದಿಂದ ಒಬ್ಬ ಬಂದ. ಮಾವನಿಗಿಂತ ಚಿಕ್ಕವನು, ಮೋಟರ್ ಪಂಪಿನ ಕೆಲಸದವನು. ಕಾರನ್ನು ಬೀದಿಯಲ್ಲೇ ನಿಲ್ಲಿಸಿ ಹಾರ್ನ್ ಮಾಡಿ ಮಾವನನ್ನು ಕರೆದ. ಇಳಿಯಲಿಲ್ಲ. ಅವನದೂ ಒಂದು ಕಾಲು ಹೋಗಿತ್ತು. ಕೌಲ್ ಬಜಾರಿನ ಅದೇ ಸಾಹೇಬರು ಅವನಿಗೂ ರಾಡು ಹಾಕಿಕೊಟ್ಟಿದ್ದರು. ಪಕ್ಕದಲ್ಲಿ ಅವನ ಹೆಂಡತಿ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಮಾವ ಕೋಲೂರಿ ಕಿಟಕಿಯವರೆಗೆ ಹೋದ.

ಅವನಿಗೆ ನಮ್ಮ ವಿಷಯ ಗೊತ್ತಿರಲಿಲ್ಲ. ಯಾರೋ ಅರ್ಧ ಹೇಳಿ ಕಳಿಸಿದ್ದರು: ಕುರುಗೋಡಿನವರು ರಾಡು ಬಿಚ್ಚಿ ತೋರಿಸಿ ಪಾಸು ಮಾಡಿಸಿಕೊಂಡರಂತೆ.

"ನಂದು ಬರೋ ವಾರ ಐತ್ರಿ ಎಫ್‌ಸಿ," ಎಂದ. "ನೀವು ಹೆಂಗ ಬಿಚ್ಚಿದ್ರಿ? ವೆಲ್ಡಿಂಗ್ ಹಂಗ ಉಳೀತೈತೋ, ಗ್ಯಾಸ್ ಹಾಕಿ ಕತ್ತರಿಸಬ್ಯಾಕೋ?"

ನಾನು ಬಾಗಿಲಲ್ಲಿ ನಿಂತಿದ್ದೆ. ಮಾವ ಕಿಟಕಿಯೊಳಗೆ ಬಗ್ಗಿದ. ಕೈ ತೂರಿಸಿ, ರಾಡಿನ ಉದ್ದಕ್ಕೂ ಕೆಳಗಿನವರೆಗೆ ಬೆರಳಾಡಿಸಿ, ಬೋಲ್ಟಿನ ತುದಿ ಮುಟ್ಟಿ ನೋಡಿದ.

"ಬಿಚ್ಚಬ್ಯಾಡ," ಎಂದ. "ಹಿಂಗ ಒಯ್ಯಿ. ನೀನ ಓಡಿಸಿ ತೋರ್ಸು. ಮೊದಲ ಅರ್ಜಿ ಕೊಡು, ಆರ್‌ಸಿಯಾಗ ಬರೀತಾರ. ಹೆಂಗಂತ ನಮ್ಮ ಹುಡುಗಿ ಹೇಳ್ತಾಳ."

"ಬರೀಲಿಲ್ಲಂದ್ರ?" ಅವನು ನಕ್ಕ, ಆದರೆ ನಗುವಿನಲ್ಲಿ ಹೆದರಿಕೆ ಇತ್ತು. "ಫೇಲ್ ಮಾಡಿಬಿಟ್ರ ಏನ್ ಗತಿ ಯಜಮಾನ್ರ? ಗಾಡಿ ಇಲ್ಲಂದ್ರ ನಾ ಮನ್ಯಾಗ ಕುಂದ್ರಬೇಕಾಕ್ಕೈತಿ."

ಮಾವ ಅವನ ಹೆಂಡತಿಯ ಕಡೆ ನೋಡಿದ. ಆಕೆ ಸೆರಗು ಸರಿಮಾಡಿಕೊಂಡಳು.

"ಕುಂದ್ರು," ಎಂದ. "ಮಾತಾಡಾಕ ಒಬ್ಬಾಕಿ ಇರ್ತಾಳ."

ಅವನಿಗೆ ಅರ್ಥವಾಯಿತೋ ಇಲ್ಲವೋ. ನಾನು ಕಿಟಕಿಯ ಹತ್ತಿರ ಹೋಗಿ ಅರ್ಜಿಯ ವಿಷಯ ಹೇಳಿದೆ. ಅವನು ತಲೆಯಾಡಿಸಿದ. ಅವನ ಹೆಂಡತಿಯೇ ಎರಡು ಸಲ ತಿರುಗಿ ಕೇಳಿ ತಿಳಿದುಕೊಂಡಳು. ಕಾರು ಓಣಿಯ ತಿರುವಿನಲ್ಲಿ ನಿಧಾನವಾಗುವವರೆಗೆ ಮಾವ ನಿಂತೇ ಇದ್ದ. ಬ್ರೇಕಿನ ಕೆಂಪು ದೀಪ ಹತ್ತಿ ಆರಿತು. ಒಳಗೆ ಬರುವಾಗ ನನ್ನ ಭುಜದ ಮೇಲೆ ಕೈಯಿಟ್ಟ, ಮುರಿದು ಕೂಡಿದ ಭುಜದ ಮೇಲೆ. ಅವನ ಭಾರಕ್ಕೆ ಅದು ನೋಯುತ್ತಿತ್ತು. ನಾನು ಭುಜ ಸರಿಸದೆ ಅವನ ಹೆಜ್ಜೆಗೆ ಹೆಜ್ಜೆ ಹಾಕಿದೆ.